ಎಡಕ್ಕೆ ಸಾಸ್, ಬಲಕ್ಕೆ ಜೆರ್ಮಾಟ್

ಮೊದಲ ದಿನ

ಜಗಳ ಶುರುವಾದದ್ದು ರೈಲಿನಲ್ಲೇ. ಸ್ವಿಟ್ಜರ್ಲೆಂಡಿನಲ್ಲಿ ಒಂದು ವಾರದ ಸ್ಕೀ ರಜೆಗೆ ಯಾವ ಬೆಟ್ಟದೂರು, ಜೆರ್ಮಾಟೋ ಸಾಸ್-ಫೇಯೋ ಅನ್ನುವುದೇ ವಿಷಯ. ಲೋಚ್‌ಬರ್ಗ್ ತಳಸುರಂಗ ಹೊಕ್ಕಾಗ ಅಕ್ಕ, "ಜೆರ್ಮಾಟ್ ಅಂದ್ರೆ ಜೆರ್ಮಾಟ್. ಮ್ಯಾಟರ್‌ಹಾರ್ನ್ ಬೆಟ್ಟ ನೋಡದೆ ವಾಪಸ್ ಹೋದ್ರೆ ಬಂದಿದ್ದೇ ದಂಡ" ಅಂದಳು. 34.6 ಕಿಲೋಮೀಟರ್ ಸುರಂಗ ಮುಗಿದು ಆಚೆ ಬೆಳಕು ಬೀಳುವಷ್ಟರಲ್ಲಿ ಭಾವ ಅವಳ ಪಕ್ಷ ಸೇರಿದ್ದರು, ನಮ್ಮ ಯಜಮಾನರು ವಿರೋಧ ಪಕ್ಷ ಕಟ್ಟಿದ್ದರು.

ಭಾವ ಹತ್ತು ವರ್ಷದಿಂದ ಸ್ಕೀ ಮಾಡುತ್ತಿರುವವರು. ಅವರಿಗೆ ಮ್ಯಾಟರ್‌ಹಾರ್ನ್ ಬಗ್ಗೆ ಅಂಥ ಮೋಹವೇನಿಲ್ಲ. ಜೆರ್ಮಾಟ್ ಮತ್ತು ಗಡಿಯಾಚೆಯ ಇಟಲಿಯ ಚೆರ್ವಿನಿಯಾ ಸೇರಿದರೆ 360 ಕಿಲೋಮೀಟರ್ ಇಳಿಜಾರು ಸಿಗುತ್ತದೆ ಅನ್ನುವುದು ಅವರ ವಾದ. ಯಜಮಾನರದ್ದು ಸಾಸ್-ಫೇ. ಅಲ್ಲಿ ಎಲ್ಲ ಸೇರಿಸಿದರೂ ಇದರ ಅರ್ಧ ಆಗುವುದಿಲ್ಲ. ಆದರೆ ಕಲಿಯುವವರ ಇಳಿಜಾರು ಊರಿನ ಅಂಚಿನಲ್ಲೇ ಇದೆ, ಲಿಫ್ಟ್ ಹತ್ತದೆ ನಡೆದೇ ಹೋಗಬಹುದು ಎಂದು ಓದಿಕೊಂಡು ಬಂದಿದ್ದರು. ಹತ್ತು ವರ್ಷದ ಮಗಳಿಗೆ ಹಿಮ ಇದ್ದರೆ ಸಾಕು. ನನಗೆ ಯಾವುದಾದರೂ ಒಂದೇ. ಎರಡು ಕಡೆಯೂ ಬೀಳುವವಳು ನಾನೇ ತಾನೆ.

"ಸಾಸ್-ಫೇಯಲ್ಲಿ ಜನವರಿಯಲ್ಲಿ ಒಂದು ವಾರ ಇದ್ದೆ, ಬಿಸಿಲು ಅನ್ನೋದು ಪೋಸ್ಟ್‌ಕಾರ್ಡಲ್ಲಿ ಮಾತ್ರ" ಅಂದರು ಭಾವ.

"ಈಗ ಮಾರ್ಚ್ ಅಲ್ವಾ ಭಾವ?" ಅಂದೆ. ಆ ಪ್ರಯಾಣದಲ್ಲಿ ನಾನಾಡಿದ ಮೊದಲ ಬುದ್ಧಿವಂತಿಕೆಯ ಮಾತು ಅದು.

ಕೊನೆಗೆ ರಾಜಿಯಾಯಿತು. ಮನೆ ಹಿಡಿದಿದ್ದು ಕೆಳಗೆ ಫಿಸ್ಪ್‌ನಲ್ಲಿ. ಬರೆಯುವಾಗ ವಿಸ್ಪ್, ಅಲ್ಲಿಯವರ ಬಾಯಲ್ಲಿ ಫಿಸ್ಪ್. ಅಲ್ಲಿಂದ ಜೆರ್ಮಾಟ್‌ಗೆ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ, ಸಾಸ್-ಫೇಗೆ ಹಳದಿ ಅಂಚೆ ಬಸ್ಸಿನಲ್ಲಿ ಐವತ್ತು ನಿಮಿಷದ ಆಸುಪಾಸು. ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ನೋಡುವುದು; ಮೂರನೆಯ ದಿನ ರಾತ್ರಿ ತೀರ್ಮಾನ ಮಾಡಿ ಉಳಿದ ದಿನಗಳ ಲಿಫ್ಟ್ ಪಾಸ್ ಕೊಳ್ಳುವುದು.

ಎರಡನೆಯ ದಿನ

8 ಗಂಟೆ 10 ನಿಮಿಷದ ಕೆಂಪು ರೈಲು. ಸ್ಟಾಲ್ಡೆನ್ ಎಂಬ ಪುಟ್ಟ ಊರಿನಲ್ಲಿ ಕಣಿವೆ ಎರಡಾಗುತ್ತದೆ: ಎಡಗವಲು ಸಾಸ್ ಕಡೆಗೆ, ಬಲಗವಲು ಜೆರ್ಮಾಟ್ ಕಡೆಗೆ. ಎರಡರ ನಡುವೆ ಎದ್ದು ನಿಂತಿರುವ ಗೋಡೆಯಲ್ಲೇ 4,545 ಮೀಟರಿನ ಡೋಮ್ ಶಿಖರ ಇದೆ. ಪೂರ್ತಿಯಾಗಿ ಸ್ವಿಟ್ಜರ್ಲೆಂಡಿನೊಳಗೇ ಇರುವ ಬೆಟ್ಟಗಳಲ್ಲಿ ಅದೇ ಎತ್ತರದ್ದು. ಪಾಪ, ಅದರ ಚಿತ್ರವನ್ನು ಯಾರೂ ಮಗ್ಗಿನ ಮೇಲೆ ಅಚ್ಚು ಹಾಕಿಸುವುದಿಲ್ಲ. ಅಲ್ಲಿಂದ ಮುಂದೆ ಏರು ಬಂದಲ್ಲೆಲ್ಲ ರೈಲು ಹಲ್ಲಿನ ಹಳಿ ಕಚ್ಚಿಕೊಂಡು ನಿಧಾನವಾಗಿ ಹತ್ತುತ್ತದೆ. ರಾಂಡಾ ಹತ್ತಿರ ಬಲಗಡೆ ಒಂದು ಬೆಟ್ಟವೇ ಕುಸಿದು ಬಿದ್ದ ಗುರುತು ಈಗಲೂ ಬೆಳ್ಳಗೆ ಕಾಣುತ್ತದೆ. 1991ರಲ್ಲಿ ಜರಿದು ಈ ಹಳಿಯನ್ನೇ ಮುಚ್ಚಿ ಹಾಕಿತ್ತಂತೆ. ಟೇಶ್‌ನಲ್ಲಿ ಕಾರಿನವರೆಲ್ಲ ಕಾರು ಬಿಟ್ಟು ರೈಲು ಹತ್ತಿದರು. ಅದರಾಚೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ.

ಜೆರ್ಮಾಟ್ ನಿಲ್ದಾಣದಿಂದ ಹೊರಬಂದ ಅಕ್ಕ ತಲೆಯೆತ್ತಿದಳು. ಮೋಡ. ಎತ್ತ ನೋಡಿದರೂ ಮೋಡ. 4,478 ಮೀಟರಿನ ಬೆಟ್ಟ ಅಷ್ಟು ಸಲೀಸಾಗಿ ಅಡಗಿಕೊಳ್ಳಬಲ್ಲದು ಅಂತ ನಾನೂ ಅಂದುಕೊಂಡಿರಲಿಲ್ಲ.

ಬಾಡಿಗೆ ಅಂಗಡಿಯಲ್ಲಿ ನನ್ನ ಮೊದಲ ತಪ್ಪು. ಚಳಿಗೆ ಹೆದರಿ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂದಿದ್ದೆ. ಸ್ಕೀ ಬೂಟು ಅಂದರೆ ಬೂಟಲ್ಲ, ಪ್ಲಾಸ್ಟಿಕ್ಕಿನ ಕವಚ. ನಾಲ್ಕು ಕೊಂಡಿ ಬಿಚ್ಚಿ, ಎರಡು ಅಂಚನ್ನೂ ಬಲವಾಗಿ ಅಗಲಿಸಿ, ಕಾಲು ತುರುಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಮೊಣಕಾಲು ಮುಂದಕ್ಕೆ ಬಾಗಿಸಿ ಕೊಂಡಿ ಹಾಕಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಬಾಗಿದಾಗ ಹಿಂದೆ ಸರಿಯಬೇಕು. ಎರಡು ಕಾಲುಚೀಲದ ದಪ್ಪಕ್ಕೆ ನನಗೆ ಒಂದು ಅಳತೆ ದೊಡ್ಡ ಬೂಟು ಬಂತು. ಹಿಮದ ಮೇಲೆ ಹೋದ ಮೇಲೆ ಗೊತ್ತಾಯಿತು: ಒಳಗೆ ಕಾಲು ಅತ್ತಿತ್ತ ತಿರುಗುತ್ತದೆ, ಹೊರಗೆ ಸ್ಕೀ ತನ್ನ ಪಾಡಿಗೆ ಹೋಗುತ್ತದೆ. ತೆಳ್ಳನೆಯ ಒಂದೇ ಕಾಲುಚೀಲ ಹಾಕಿಕೊಳ್ಳಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಓದಿರಲಿಲ್ಲ.

ಅಂಗಡಿಯಿಂದ ಸುನ್ನೆಗ್ಗಾ ಸುರಂಗ ರೈಲಿನ ತನಕ ಹೆಗಲ ಮೇಲೆ ಸ್ಕೀ, ಕೈಯಲ್ಲಿ ಮಗಳ ಕೋಲುಗಳು, ಕಾಲಲ್ಲಿ ಆ ಕವಚ. ಊರಿನೊಳಗೆ ವಿದ್ಯುತ್ ಗಾಡಿಗಳು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತು ಬೆಚ್ಚಿಬೀಳಿಸುತ್ತವೆ. ಸುರಂಗದ ರೈಲು ನಾಲ್ಕೈದು ನಿಮಿಷದಲ್ಲಿ 2,288 ಮೀಟರ್ ಎತ್ತರಕ್ಕೆ ಕೊಂಡೊಯ್ದು ಬಿಟ್ಟಿತು. ಅಲ್ಲಿಂದ ಇನ್ನೂ ಸ್ವಲ್ಪ ಕೆಳಗೆ, ಲೈಸೀ ಎಂಬ ಕೆರೆಯ ಪಕ್ಕದಲ್ಲಿ ಕಲಿಯುವವರ ಜಾಗ. ಮಗಳು ಮೊದಲ ಸಲ ಜಾರಿದಾಗ ಗಡಿಯಾರ ನೋಡಿದೆ: 11 ಗಂಟೆ 20 ನಿಮಿಷ. ಮನೆ ಬಿಟ್ಟಿದ್ದು 8ಕ್ಕೆ.

ಜಾಗ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನೆಲದ ಮೇಲೆ ಹಾಸಿದ ಚಲಿಸುವ ಪಟ್ಟಿಯ ಮೇಲೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ. ಕೆಳಗೆ ಇಳಿಜಾರು ತಾನಾಗಿ ಸಮತಟ್ಟಾಗುವುದರಿಂದ ನಿಲ್ಲಿಸಲು ಬಾರದವರೂ ನಿಲ್ಲುತ್ತಾರೆ. ಆದರೆ ಗಾಳಿ ಎದ್ದಿತ್ತು. ಹಿಮದ ಪುಡಿ ಕೆನ್ನೆಗೆ ಸೂಜಿಯಂತೆ ಚುಚ್ಚುತ್ತಿತ್ತು. ಚಳಿ ಅಂದರೆ ಒಳಹೋಗಿ ಬೆಚ್ಚಗಾಗಬೇಕು, ಒಳಹೋದರೆ ಬೂಟು ಸಡಿಲಿಸಬೇಕು, ಸಡಿಲಿಸಿದರೆ ಮತ್ತೆ ಬಿಗಿಯಬೇಕು. ಸಾಕಾಯಿತು, ಊರಿಗೆ ಇಳಿಯೋಣ ಅಂದರೆ ಮತ್ತೆ ಸುನ್ನೆಗ್ಗಾಕ್ಕೆ ಹತ್ತಿ ಸುರಂಗದ ರೈಲು ಹಿಡಿಯಬೇಕು. ಭಾವನದ್ದೂ ಅದೇ ಗೋಳು: 3,883 ಮೀಟರ್ ಎತ್ತರದ ಕ್ಲೈನ್ ಮ್ಯಾಟರ್‌ಹಾರ್ನ್ ಕಡೆಯ ಲಿಫ್ಟುಗಳು ಗಾಳಿಗೆ ನಿಂತಿದ್ದವು, ಇಟಲಿಯ ದಾರಿ ಬಂದ್. 360ರ ಆಸೆಗೆ ಬಂದವರು ರೋಟ್‌ಹಾರ್ನ್ ಕಡೆಯ ಅದೇ ಮೂರು ನಾಲ್ಕು ದಾರಿಗಳಲ್ಲಿ ಸಂಜೆ ತನಕ ಸುತ್ತಿದರು.

ಅಕ್ಕ ಸ್ಕೀ ಮಾಡುವವಳಲ್ಲ. ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ತುಂಡಾದ ಹಗ್ಗ ನೋಡಿ ಬಂದಿದ್ದಳು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ತುದಿ ಮೊದಲ ಬಾರಿ ಮುಟ್ಟಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಸತ್ತರಲ್ಲ, ಆ ಹಗ್ಗ. "ಇಷ್ಟೇ ಇಷ್ಟು ದಪ್ಪ ಕಣೇ" ಎಂದು ಕಿರುಬೆರಳು ತೋರಿಸಿದಳು. ಮೂರು ಗಂಟೆಗೆ, ನಾವು ಬೂಟು ಹಿಂತಿರುಗಿಸುತ್ತಿದ್ದಾಗ, ಮೋಡ ಹರಿದು ಬೆಟ್ಟ ಹತ್ತು ನಿಮಿಷ ಮುಖ ತೋರಿಸಿತು. ರಸ್ತೆಯಲ್ಲಿದ್ದವರೆಲ್ಲ ನಿಂತರು. ನಾನು ಒಳಗಿದ್ದೆ, ಎರಡನೆಯ ಬೂಟಿನ ಮೂರನೆಯ ಕೊಂಡಿಯ ಜೊತೆ.

ಮೂರನೆಯ ದಿನ

ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟ ಹಾಗಿದೆ. "ಇದು ಮೋಸ. ಜೆರ್ಮಾಟ್‌ಗೆ ಗಾಳಿ, ಸಾಸ್‌ಗೆ ಬಿಸಿಲು. ಹೋಲಿಸೋದು ಹೇಗೆ?" ಅಂದರು ಭಾವ. ಮಾತು ನ್ಯಾಯವಾದದ್ದೇ. ಒಂದೊಂದು ದಿನ ನೋಡಿ ತೀರ್ಮಾನಿಸುವುದು ಅಂದರೆ ಅರ್ಧ ತೀರ್ಮಾನವನ್ನು ಹವಾಮಾನದ ಕೈಗೆ ಕೊಟ್ಟಂತೆ. ಹಾಗಾಗಿ ಆ ದಿನ ಬಸ್ಸಿನಲ್ಲಿ ಒಂದು ಚೀಟಿ ಮಾಡಿಕೊಂಡೆ: ಗಾಳಿ ಬೀಸಲಿ ಬಿಡಲಿ, ಬದಲಾಗದ ಸಂಗತಿ ಏನೇನು ಅಂತ ಮಾತ್ರ ಬರೆಯುವುದು.

ಬಸ್ಸು ಸ್ಟಾಲ್ಡೆನ್‌ನಲ್ಲಿ ಎಡಕ್ಕೆ ತಿರುಗಿ ಕಡಿದಾದ ಕಣಿವೆ ಹತ್ತಿತು. ಈ ಕಣಿವೆಯ ತುದಿಯಲ್ಲಿ ಮಾಟ್‌ಮಾರ್ಕ್ ಎಂಬ ಅಣೆಕಟ್ಟು ಇದೆ. 1965ರ ಆಗಸ್ಟ್ 30ರಂದು, ಅದನ್ನು ಕಟ್ಟುತ್ತಿದ್ದಾಗ, ಅಲ್ಲಾಲಿನ್ ಹಿಮನದಿಯ ಮೂತಿ ಮುರಿದು ಕಾರ್ಮಿಕರ ಬಿಡಾರದ ಮೇಲೆ ಬಿತ್ತು. 88 ಜನ ಹೋದರು, ಹೆಚ್ಚಿನವರು ಇಟಲಿಯಿಂದ ಕೂಲಿಗೆ ಬಂದವರು. ಮ್ಯಾಟರ್‌ಹಾರ್ನ್ ಹತ್ತಿ ನೂರು ವರ್ಷ ತುಂಬಿದ್ದೂ ಅದೇ ಬೇಸಿಗೆ. ಬೆಟ್ಟದ ಮೇಲೆ ಸತ್ತ ನಾಲ್ವರ ಹಗ್ಗ ನೋಡಲು ಸಾಲು ನಿಲ್ಲುತ್ತೇವೆ, ಈ 88 ಜನರ ಸುದ್ದಿ ಬಸ್ಸಿನಲ್ಲಿ ಯಜಮಾನರು ಹೇಳದೇ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸಾಸ್-ಫೇಗೂ ಕಾರು ಬಿಡುವುದಿಲ್ಲ, ಊರ ಬಾಗಿಲಲ್ಲೇ ದೊಡ್ಡ ಪಾರ್ಕಿಂಗ್ ಕಟ್ಟಡ. 1951ರ ತನಕ ಇಲ್ಲಿಗೆ ರಸ್ತೆಯೇ ಇರಲಿಲ್ಲ. ಹೇಸರಗತ್ತೆಗಳ ಹಾದಿ ಅಷ್ಟೇ. ಊರು 1,800 ಮೀಟರ್ ಎತ್ತರದಲ್ಲಿ ಬೋಗುಣಿಯ ತಳದಲ್ಲಿಟ್ಟ ಹಾಗಿದೆ. ಸುತ್ತ 4,000 ಮೀಟರ್ ದಾಟಿದ ಬೆಟ್ಟಗಳೇ, ಫೇ ಹಿಮನದಿ ಬೀದಿಯ ಕೊನೆಯಲ್ಲಿ ನೇತಾಡುತ್ತಿದೆ. ದಕ್ಷಿಣಕ್ಕೆ ಅಷ್ಟೆತ್ತರದ ಗೋಡೆ ಇರುವುದರಿಂದಲೇ ಜನವರಿಯಲ್ಲಿ ಭಾವ ನಡುಗಿದ್ದು. ಮಾರ್ಚಿನಲ್ಲಿ ಸೂರ್ಯ ಗೋಡೆ ದಾಟಿ ಬರುತ್ತಾನೆ. ಚೀಟಿಯಲ್ಲಿ ಮೊದಲು ಬರೆದದ್ದು ಇದನ್ನೇ: ಡಿಸೆಂಬರ್, ಜನವರಿಗೆ ಬರುವುದಾದರೆ ಈ ಲೆಕ್ಕ ತಿರುಗುಮುರುಗು.

ಬೂಟು ಬಾಡಿಗೆಗೆ ಪಡೆದು (ಒಂದೇ ಕಾಲುಚೀಲ, ಸರಿಯಾದ ಅಳತೆ) ಊರಿನ ಉದ್ದಕ್ಕೂ ನಡೆದರೆ ಹದಿನೈದು ನಿಮಿಷಕ್ಕೆ ಇಳಿಜಾರು. ಸುರಂಗ ಇಲ್ಲ, ಕೇಬಲ್ ಕಾರ್ ಇಲ್ಲ. 10 ಗಂಟೆ 40ಕ್ಕೆ ಮಗಳು ಜಾರಿದ್ದಳು. ಮಧ್ಯಾಹ್ನ ಅವಳಿಗೆ ಸುಸ್ತಾದಾಗ ಸ್ಕೀ ಅಲ್ಲೇ ಹಿಮದಲ್ಲಿ ನೆಟ್ಟು ಪಕ್ಕದ ಹೋಟೆಲಿನಲ್ಲಿ ಬಿಸಿ ಚಾಕೊಲೇಟ್ ಕುಡಿದು ಮತ್ತೆ ಬಂದೆವು. ಸಾಮಾನನ್ನು ಸಂಜೆ ಅಂಗಡಿಯ ಡಿಪೋದಲ್ಲೇ ಬಿಟ್ಟು ಬರಿಗೈಯಲ್ಲಿ ಹೋಗಬಹುದು ಅಂದರು.

ನಾನು ಪಾಠಕ್ಕೆ ಸೇರಿದೆ. ಕಲಿಸುವವರು ಅರವತ್ತು ದಾಟಿದವರು, ಮುಖವೆಲ್ಲ ಕಂದು, ಕನ್ನಡಕದ ಜಾಗ ಮಾತ್ರ ಬಿಳಿ. ಮಕ್ಕಳಿಗೆ "ಪಿಜ್ಜಾ" ಅನ್ನುತ್ತಿದ್ದರು: ಸ್ಕೀಗಳ ಮೂತಿ ಹತ್ತಿರ, ಬಾಲ ದೂರ, ಪಿಜ್ಜಾ ತುಂಡಿನ ಆಕಾರ, ವೇಗ ಇಳಿಯುತ್ತದೆ. ನೇರ ಇಟ್ಟರೆ "ಫ್ರೆಂಚ್ ಫ್ರೈಸ್", ವೇಗ ಏರುತ್ತದೆ. ನನಗೆ ಬೇರೆಯೇ ಪಾಠ. ತಮ್ಮ ಕೋಲಿನಿಂದ ನನ್ನ ಬೂಟಿನ ಮುಂದಿನ ನಾಲಗೆಯನ್ನು ತಟ್ಟಿ, "ಮೊಣಕಾಲ ಕೆಳಗಿನ ಮೂಳೆ ಇದನ್ನು ಒತ್ತುತ್ತಾ ಇರಬೇಕು. ಯಾವಾಗಲೂ" ಅಂದರು. ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದರೆ ಸ್ಕೀಯ ಮೂತಿ ಹಗುರಾಗಿ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದರೆ ಇನ್ನೂ ಹೆದರಿಕೆ. ಇಳಿಜಾರಿನ ಕಡೆಗೇ ಮೈ ಕೊಡಬೇಕು ಅನ್ನುವುದನ್ನು ತಲೆ ಒಪ್ಪಿದರೂ ಸೊಂಟ ಒಪ್ಪುವುದಿಲ್ಲ. ಹನ್ನೊಂದು ಸಲ ಬಿದ್ದೆ. ಎಣಿಸಿದ್ದು ಮಗಳು.

ರಾತ್ರಿ ಅಡುಗೆಮನೆಯ ಮೇಜಿನ ಸುತ್ತ ಪಂಚಾಯಿತಿ ಕೂತಿತು. ಚೀಟಿ ಓದಿದೆ. ಜೆರ್ಮಾಟ್‌ನಲ್ಲಿ ಮನೆಯಿಂದ ಮೊದಲ ಜಾರುವಿಕೆಗೆ ಮೂರು ಗಂಟೆ ಇಪ್ಪತ್ತು ನಿಮಿಷ, ಸಾಸ್-ಫೇಯಲ್ಲಿ ಎರಡಕ್ಕೂ ಕಡಿಮೆ. ಅಲ್ಲಿ ಮಗಳು ಇಳಿದದ್ದು ಹನ್ನೆರಡು ಸಲ, ಇಲ್ಲಿ ಮೂವತ್ತೊಂದು. ಗಾಳಿಯ ಪಾಲು ಕಳೆದರೂ ಸುರಂಗ, ಸಾಲು, ಮತ್ತೆ ಸುರಂಗ ಉಳಿದೇ ಉಳಿಯುತ್ತದೆ. "360 ಕಿಲೋಮೀಟರ್ ಇದೆ ಸರಿ ಭಾವ, ನನಗೆ ಬೇಕಾಗಿರೋದು ನೂರು ಮೀಟರ್" ಅಂದೆ.

"ಅದು ನಿನಗೆ. ನನಗೆ?" ಎಂದರು. ಅದೂ ಸರಿಯೇ. ಅಕ್ಕ ಕೊಟ್ಟ ತೀರ್ಪು: ನಾವು ಮೂವರು ಸಾಸ್-ಫೇಗೆ ಪಾಸ್ ಕೊಳ್ಳುವುದು, ಭಾವ ದಿನಕ್ಕೊಂದು ಟಿಕೆಟ್ ಕೊಂಡು ಬೇಕಾದ ಕಡೆ ಹೋಗುವುದು, ಕೊನೆಯ ದಿನ ಆಕಾಶ ಚೆನ್ನಾಗಿದ್ದರೆ ನಾನು ಅವಳ ಜೊತೆ ಜೆರ್ಮಾಟ್‌ಗೆ ಹೋಗುವುದು, ತಕರಾರಿಲ್ಲದೆ. ಭಾವ ಗೊಣಗಿಕೊಂಡೇ ಹಳೆಯ ಕತೆ ತೆಗೆದರು: 2016ರಲ್ಲಿ ಸಾಸ್-ಫೇಯವರು, ಸುಮಾರು ಒಂದು ಲಕ್ಷ ಜನ ಸೇರಿದರೆ ಇಡೀ ಸೀಸನ್ನಿನ ಪಾಸ್ 222 ಫ್ರಾಂಕ್‌ಗೆ ಕೊಡುತ್ತೇವೆ ಎಂದಿದ್ದರಂತೆ. ಅಷ್ಟು ಜನ ಸೇರದಿದ್ದರೂ ಕೊಟ್ಟರಂತೆ. ಆಗ ಕೊಂಡವರಲ್ಲಿ ಭಾವನೂ ಒಬ್ಬರು. "ಆ ಜನವರಿಯಲ್ಲೇ ನಡುಗಿದ್ದು" ಎಂದು ಅಕ್ಕ ಸೇರಿಸಿದಳು.

ನಾಲ್ಕನೆಯ ದಿನ

ಬೆಳಿಗ್ಗೆ ಹಿಮ ಗಾಜಿನಂತೆ. ಹಿಂದಿನ ದಿನ ಬಿಸಿಲಿಗೆ ಕರಗಿದ್ದು ರಾತ್ರಿ ಹೆಪ್ಪುಗಟ್ಟಿರುತ್ತದೆ, ಹತ್ತೂವರೆಯ ತನಕ ಕಲಿಯುವವರಿಗೆ ಹೇಳಿದ ಹೊತ್ತಲ್ಲ. ಮಧ್ಯಾಹ್ನ ಎರಡರ ಮೇಲೆ ಗಂಜಿಯಂತೆ. ಮಾರ್ಚಿನಲ್ಲಿ ನಡುವಿನ ಮೂರು ಮೂರೂವರೆ ಗಂಟೆಯೇ ಬಂಗಾರ. ಒಂಬತ್ತು ಸಲ ಬಿದ್ದೆ.

ಯಜಮಾನರಿಗೆ ಹಗ್ಗದ ಲಿಫ್ಟ್ ಕೈಕೊಟ್ಟಿತು. ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುವ ತಟ್ಟೆ ಇರುತ್ತದಲ್ಲ, ಅದರ ಮೇಲೆ ಕೂರಬಾರದು, ಅದು ಎಳೆಯುತ್ತದೆ, ನಾವು ನಿಂತಿರಬೇಕು. ಇವರು ಕೂತರು. ಹಿಂದಿದ್ದ ಆರು ವರ್ಷದ ಹುಡುಗಿಯೊಬ್ಬಳು ಇವರನ್ನು ಬಳಸಿಕೊಂಡು ಮೇಲೆ ಹೋದಳು, ತಿರುಗಿಯೂ ನೋಡಲಿಲ್ಲ.

ಐದನೆಯ ದಿನ

ಮೈಯೆಲ್ಲ ನೋವು. ಹಾನ್ನಿಗ್ ಎಂಬ ಕಡೆ ಸ್ಲೆಜ್ ಮೇಲೆ ಜಾರಿದೆವು. ಬಿಸಿಲು ಚೆನ್ನಾಗಿ ಬೀಳುವ ಪಕ್ಕ. ಮಧ್ಯಾಹ್ನ ಮೆಟ್ರೋ ಆಲ್ಪಿನ್. ಕೇಬಲ್ ಕಾರಿನಲ್ಲಿ ಫೆಲ್ಸ್‌ಕಿನ್ ತನಕ ಹೋಗಿ ಅಲ್ಲಿಂದ ಬಂಡೆಯೊಳಗೆ ಕೊರೆದ ಹಳಿಯ ಮೇಲೆ 3,456 ಮೀಟರಿಗೆ. 1984ರಲ್ಲಿ ಶುರುವಾದ ಇದು ಜಗತ್ತಿನಲ್ಲೇ ಅತಿ ಎತ್ತರದ ಭೂಗತ ಹಗ್ಗದ ರೈಲು. ಮೇಲೆ ತಿರುಗುವ ರೆಸ್ಟೋರೆಂಟ್ ಇದೆ. ಅರ್ಧ ಗಂಟೆಯಲ್ಲಿ ಮಗಳಿಗೆ ತಲೆನೋವು ಬಂತು, ಇಳಿಸಿಕೊಂಡು ಬಂದೆವು. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು ಮಾತ್ರ. ಮಕ್ಕಳನ್ನು ನೇರ ಕರೆದೊಯ್ದು ಗಂಟೆಗಟ್ಟಲೆ ಕೂರಿಸುವ ಜಾಗವಲ್ಲ.

ಆರನೆಯ ದಿನ

ಭಾವ ಇಟಲಿಗೆ ಹೋದ ದಿನ. ಬೆಳಿಗ್ಗೆ ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡು, ಗಡಿ ದಾಟುವ ಪಾಸಿಗೆ ಹೆಚ್ಚಿನ ಹಣ ಕೊಟ್ಟು, ಕ್ಲೈನ್ ಮ್ಯಾಟರ್‌ಹಾರ್ನ್‌ನಿಂದ ಚೆರ್ವಿನಿಯಾಗೆ ಇಳಿದರಂತೆ. ಒಂದು ಗಂಟೆಗೆ ಫೋಟೋ ಬಂತು: ಕಾಫಿ ಲೋಟ, ಪಕ್ಕದಲ್ಲಿ ಯೂರೋ ಚಿಲ್ಲರೆ. ಎರಡು ಗಂಟೆಗೆ ಇನ್ನೊಂದು. ಆಮೇಲೆ ಸುದ್ದಿಯಿಲ್ಲ.

ಅಲ್ಲಿನ ಕಟ್ಟುಪಾಡು ಏನೆಂದರೆ, ಹಿಂತಿರುಗುವ ಕೊನೆಯ ಲಿಫ್ಟ್ ತಪ್ಪಿದರೆ ಬೆಟ್ಟ ದಾಟುವ ಬೇರೆ ದಾರಿಯಿಲ್ಲ. ಅಲ್ಲೇ ರೂಮು ಹಿಡಿಯಬೇಕು, ಇಲ್ಲವೇ ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗದ ಮೂಲಕ ಟ್ಯಾಕ್ಸಿಯಲ್ಲಿ ಗಂಟೆಗಟ್ಟಲೆ ಸುತ್ತು. ಅಕ್ಕ ನಾಲ್ಕರಿಂದ ಫೋನ್ ಹಿಡಿದು ಕೂತಳು. ಏನಾದರೂ ಆಗಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಹುಡುಕಿದಾಗ ತಿಳಿದದ್ದು: ದೇಶದ ಬೇರೆ ಕಡೆ ಹೆಲಿಕಾಪ್ಟರ್ ರಕ್ಷಣೆಗೆ 1414, ಈ ವ್ಯಾಲೇ ಪ್ರಾಂತ್ಯದಲ್ಲಿ ಮಾತ್ರ 144. ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು, ಅದು ಆ ಮನೆಯಲ್ಲಿ ಈಗಲೂ ಇರಬಹುದು.

ಏಳೂವರೆಗೆ ಭಾವ ಬಾಗಿಲು ತಟ್ಟಿದರು. ಕೊನೆಯ ಲಿಫ್ಟ್‌ಗೆ ನಾಲ್ಕು ನಿಮಿಷ ಇರುವಾಗ ತಲುಪಿದ್ದರಂತೆ, ಮೇಲೆ ಫೋನ್ ಚಾರ್ಜು ಚಳಿಗೆ ಸತ್ತಿತ್ತಂತೆ. "ಹೇಗಿತ್ತು ದೊಡ್ಡಪ್ಪ?" ಅಂದಳು ಮಗಳು. "ಜೀವನದಲ್ಲಿ ಒಂದೇ ದಿನ ಸ್ಕೀ ಮಾಡು ಅಂದ್ರೆ ಇವತ್ತಿನ ದಿನ ಮಾಡ್ತೀನಿ" ಅಂದರು. ಅಕ್ಕ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ನಾನು ಆ ದಿನ ಮೂರು ಸಲ ಮಾತ್ರ ಬಿದ್ದಿದ್ದೆ. ಯಾರೂ ಕೇಳಲಿಲ್ಲ.

ಏಳನೆಯ ದಿನ

ಆಕಾಶ ಚೆನ್ನಾಗಿತ್ತು. ಕೊಟ್ಟ ಮಾತಿನಂತೆ ಅಕ್ಕನ ಜೊತೆ ಗೋರ್ನರ್‌ಗ್ರಾಟ್ ರೈಲು ಹತ್ತಿದೆ. 1898ರಲ್ಲಿ ಶುರುವಾದಾಗಲೇ ವಿದ್ಯುತ್ತಿನಿಂದ ಓಡುತ್ತಿದ್ದ ಹಲ್ಲುಹಳಿಯ ರೈಲು, ಅರ್ಧ ಗಂಟೆ ಚಿಲ್ಲರೆಯಲ್ಲಿ 3,089 ಮೀಟರಿಗೆ ಒಯ್ಯುತ್ತದೆ. ಬಲಗಡೆಯ ಕಿಟಕಿ ಹಿಡಿಯಬೇಕು, ನಾವು ಹಿಡಿದಿದ್ದೆವು. ಮೊದಲ ತಿರುವಿನಲ್ಲೇ ಬೆಟ್ಟ ಪೂರ್ತಿಯಾಗಿ ಬಂದು ನಿಂತಿತು, ಒಂದು ಎಳೆ ಮೋಡವಿಲ್ಲದೆ. ಹೌದು, ಫೋಟೋದಲ್ಲಿ ಇರುವ ಹಾಗೇ ಇದೆ. ಅದೇ ಒಂದು ಆಶ್ಚರ್ಯ. ಡಬ್ಬಿಯೊಳಗೆ ಡಬ್ಬಿ ತುಂಬಿದಂತೆ ಜನ ಕೂತ ಬೋಗಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

ಮೇಲೆ ಕಟ್ಟೆಯ ಹತ್ತಿರ ನಿಂತು, "ತೆಗೆಯೇ, ಬೆಟ್ಟ ಪೂರ್ತಿ ಬರಲಿ" ಎಂದು ಫೋನ್ ಕೊಟ್ಟಳು. ತೆಗೆದೆ. ಒಂದು ಸಾಲದು, ಇನ್ನೊಂದು ಅಂದಳು. ಎತ್ತಿ ಹಿಡಿದೆ. ಕಟ್ಟೆಯ ಕೆಳಗಿನ ಇಳಿಜಾರಿನಲ್ಲಿ ನೀಲಿ ಜಾಕೆಟ್ಟಿನ ಹೆಂಗಸೊಬ್ಬಳು ಪಿಜ್ಜಾ ಆಕಾರದಲ್ಲಿ ಇಳಿಯುತ್ತಿದ್ದಳು. ತೋಳು ಎರಡೂ ಬದಿಗೆ ಚಾಚಿ, ಸೊಂಟ ಹಿಂದಕ್ಕೆ ಬಿಟ್ಟು, ಸ್ಕೀಯ ಮೂತಿ ಅತ್ತಿತ್ತ ಅಲೆಯುತ್ತಿತ್ತು.

"ಏನು ನೋಡ್ತಾ ಇದ್ದೀ? ಬೆಟ್ಟ ಈ ಕಡೆ" ಅಂದಳು ಅಕ್ಕ.

"ಅವಳ ತೂಕ ಹಿಂದಕ್ಕಿದೆ ಕಣೇ" ಅಂದೆ.